ಬಂದು ನಿಂತ ದೇವರು: ರಾಮನಗರ ಸೀಮೆಯ ಸ್ಥಳಪುರಾಣಗಳು



ಇದು ದತ್ತಿ ಉಪನ್ಯಾಸವಾದ್ದರಿಂದ ದತ್ತಿ ಎಂಬ ಮಾತಿನಿಂದಲೇ ಶುರು ಮಾಡುತ್ತೇನೆ. ಇವತ್ತು ದತ್ತಿ ಎಂದರೆ ಬ್ಯಾಂಕಿನಲ್ಲಿ ಇಟ್ಟ ಹಣ, ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ. ನಮ್ಮ ಶಾಸನಗಳಲ್ಲಿ ದತ್ತಿ ಎಂದರೆ ದೇವರ ಮುಂದೆ ನಂದಾದೀಪ ಉರಿಯಲಿ ಎಂದು, ನೈವೇದ್ಯ ತಪ್ಪದಿರಲಿ ಎಂದು ಬಿಟ್ಟ ಗದ್ದೆ, ಬೆದ್ದಲು, ತೋಟ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ 9ನೆಯ ಸಂಪುಟದಲ್ಲಿ 1905ರಲ್ಲಿ ಅಚ್ಚು ಮಾಡಿಸಿದರು. ಆಗ ಇದೆಲ್ಲ ಬೆಂಗಳೂರು ಜಿಲ್ಲೆ. ಇಂಥ ದಾನಶಾಸನಗಳು ಕೊನೆಗೆ ಶಾಪ ಹಾಕಿ ಮುಗಿಯುತ್ತವೆ: ಈ ದತ್ತಿಗೆ ತಪ್ಪಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟಲಿ, ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗಲಿ ಎಂದು. ದತ್ತಿಯ ಉಪನ್ಯಾಸವನ್ನು ಅರ್ಧಕ್ಕೆ ನಿಲ್ಲಿಸಿದರೂ ಈ ಶಾಪ ತಟ್ಟುತ್ತದೋ ಏನೋ. ಹಾಗಾಗಿ ನಾನಂತೂ ಪೂರ್ತಿ ಮಾಡುತ್ತೇನೆ, ನೀವು ಪೂರ್ತಿ ಕೇಳಬೇಕು.

ವಿಷಯ ಸ್ಥಳಪುರಾಣ. ಒಂದು ಗುಡಿ ಇಲ್ಲೇ ಯಾಕೆ ಇದೆ ಎಂಬ ಪ್ರಶ್ನೆಗೆ ಊರು ಕೊಡುವ ಉತ್ತರ ಅದು. ಇತಿಹಾಸ ಓದಿದವರು ಅದನ್ನು ಕಟ್ಟುಕಥೆ ಎಂದು ಪಕ್ಕಕ್ಕಿಡುತ್ತಾರೆ. ಭಕ್ತರು ನಡೆದದ್ದೇ ಹಾಗೆ ಎಂದು ಕೈ ಮುಗಿಯುತ್ತಾರೆ. ನಾನು ಇವೆರಡರ ನಡುವೆ ನಿಂತು, ಕಥೆ ಏನು ಹೇಳುತ್ತದೆ ಎನ್ನುವುದರ ಜೊತೆಗೆ ಯಾವ ಮಾತಿನಲ್ಲಿ ಹೇಳುತ್ತದೆ ಎಂದು ನೋಡಬೇಕೆಂದಿದ್ದೇನೆ.

ನೆಲೆಸು ಎಂಬ ಕ್ರಿಯಾಪದ

ಯಾವ ಊರಿಗಾದರೂ ಹೋಗಿ ದೇವರ ಬಗ್ಗೆ ಕೇಳಿ. ‘ಇಲ್ಲಿ ಗುಡಿ ಕಟ್ಟಿದರು’ ಎಂದು ಯಾರೂ ಮಾತು ತೆಗೆಯುವುದಿಲ್ಲ. ‘ಸ್ವಾಮಿ ಬಂದು ಇಲ್ಲಿ ನೆಲೆಸಿದ’ ಎನ್ನುತ್ತಾರೆ. ಕಟ್ಟಿದವರು ಯಾರು, ಗೋಪುರ ಯಾವ ಕಾಲದ್ದು, ಅದೆಲ್ಲ ಆಮೇಲೆ. ನೆಲೆಸು ಎಂದರೆ ಅಲೆಯುತ್ತಿದ್ದದ್ದು ನೆಲೆ ಕಂಡುಕೊಳ್ಳುವುದು. ಮೊದಲೇ ಇದ್ದವರಿಗೆ ಆ ಮಾತು ಹೊಂದುವುದಿಲ್ಲ. ದಾರಿಯಲ್ಲಿದ್ದವರು ನಿಂತರೆ ಮಾತ್ರ ‘ನೆಲೆಸಿದರು’ ಎನ್ನಬಹುದು.

ಈ ಸೀಮೆಯ ಸ್ಥಳಪುರಾಣಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ನನಗೆ ಕಂಡದ್ದು ಇದು: ಇಲ್ಲಿನ ದೊಡ್ಡ ದೇವರುಗಳೆಲ್ಲ ಎಲ್ಲಿಗೋ ಹೊರಟವರು. ನಡುವೆ ಏನೋ ಒಂದು ಸಣ್ಣ ಕಾರಣಕ್ಕೆ ಇಲ್ಲಿ ನಿಂತವರು. ಬಾಯಾರಿಕೆ, ಸ್ನಾನ, ಒಂದು ಕಾಗೆ, ಒಂದು ಮೂಗುತಿ, ಅಷ್ಟೇ ಕಾರಣ. ನಮ್ಮ ಜನ ಈ ಕಥೆಗಳನ್ನು ಹೀಗೆ ಯಾಕೆ ಹೇಳಿಕೊಂಡರು ಎಂಬುದೇ ಇವತ್ತಿನ ನನ್ನ ಪ್ರಶ್ನೆ.

ರಾಮದೇವರ ಬೆಟ್ಟ: ಇಬ್ಬರ ಗುಟ್ಟು ಊರಿನ ಕಥೆಯಾದದ್ದು

ರಾಮನಗರದ ರಾಮದೇವರ ಬೆಟ್ಟದ ಮೇಲೆ ಪಟ್ಟಾಭಿರಾಮನ ಗುಡಿಯಿದೆ, ಈಶ್ವರನ ಗುಡಿಯಿದೆ, ಬಂಡೆಯ ಮಡಿಲಲ್ಲಿ ನೀರು ನಿಲ್ಲುವ ತೀರ್ಥವಿದೆ. ಶ್ರಾವಣ ಶನಿವಾರಗಳಲ್ಲಿ ಮೆಟ್ಟಿಲ ತುಂಬ ಜನ. ವನವಾಸದಲ್ಲಿ ರಾಮ, ಸೀತೆ, ಲಕ್ಷ್ಮಣರು ಇಲ್ಲಿ ಕೆಲ ಕಾಲ ಇದ್ದರು, ಸೀತೆಗೆ ಬಾಯಾರಿದಾಗ ರಾಮ ಬಾಣ ಬಿಟ್ಟು ನೀರು ತರಿಸಿದ ಎಂಬುದು ಒಂದು ಕಥೆ. ಕಾಕಾಸುರನೆಂಬವನು ಕಾಗೆಯಾಗಿ ಬಂದು ಸೀತೆಯನ್ನು ಕಾಡಿದ, ರಾಮ ಅವನ ಕಣ್ಣು ಹೋಗುವಂತೆ ಮಾಡಿದ, ಅಂದಿನಿಂದ ಈ ಬೆಟ್ಟಕ್ಕೆ ಕಾಗೆ ಬರುವುದಿಲ್ಲ ಎಂಬುದು ಇನ್ನೊಂದು.

ಒಮ್ಮೆ ಮೆಟ್ಟಿಲ ಮೇಲೆ ದಣಿವಾರಿಸಿಕೊಳ್ಳುತ್ತಿದ್ದ ಅಜ್ಜಿಯೊಬ್ಬರನ್ನು ಕೇಳಿದೆ: ‘ಅಜ್ಜಿ, ಕಾಗೆ ನಿಜವಾಗ್ಲೂ ಬರಲ್ವಾ?’ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಬಂದ್ರೆ ರಾಮದೇವ್ರು ಸುಮ್ಕೆ ಬುಟ್ಟಾರಾ ಕಣಪ್ಪಾ?’ ಎಂದರು. ಆಮೇಲೆ ಅವರೇ ತಿರುಗಿ ಕೇಳಿದರು: ‘ನಿಮ್ದು ಯಾವೂರು? ಮನೆದೇವ್ರು ಯಾವ್ದು?’ ಈ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಕಾಗೆಯ ಕಥೆ ವಾಲ್ಮೀಕಿ ರಾಮಾಯಣದಲ್ಲಿಯೇ ಇದೆ, ಆದರೆ ಅದು ನಡೆಯುವುದು ಚಿತ್ರಕೂಟದಲ್ಲಿ. ಸುಂದರಕಾಂಡದಲ್ಲಿ ಅಶೋಕವನಕ್ಕೆ ಬಂದ ಹನುಮಂತ, ತಾನು ಸೀತೆಯನ್ನು ಕಂಡದ್ದು ನಿಜವೆಂದು ರಾಮನಿಗೆ ನಂಬಿಕೆ ಬರುವಂಥ ಗುರುತು ಕೊಡು ಎನ್ನುತ್ತಾನೆ. ಆಗ ಸೀತೆ ಈ ಕಥೆ ಹೇಳುತ್ತಾಳೆ. ಕಾಗೆ ಕುಕ್ಕಿದ್ದು, ರಾಮ ದರ್ಭೆಯ ಕಡ್ಡಿಯೊಂದನ್ನು ಮಂತ್ರಿಸಿ ಬಿಟ್ಟದ್ದು, ಕಾಗೆ ಮೂರು ಲೋಕ ಸುತ್ತಿ ಎಲ್ಲೂ ರಕ್ಷಣೆ ಸಿಗದೆ ಮತ್ತೆ ರಾಮನ ಕಾಲಿಗೇ ಬಂದು ಬಿದ್ದದ್ದು, ಒಂದು ಕಣ್ಣು ಕೊಟ್ಟು ಪ್ರಾಣ ಉಳಿಸಿಕೊಂಡದ್ದು. ಗಂಡಹೆಂಡಿರಿಬ್ಬರಿಗೇ ಗೊತ್ತಿದ್ದ ಸಂಗತಿಯಾದ್ದರಿಂದಲೇ ಅದು ಗುರುತಾಗಿ ನಡೆಯುತ್ತದೆ.

ನಮ್ಮ ಬೆಟ್ಟದವರು ಆರಿಸಿಕೊಂಡದ್ದನ್ನು ನೋಡಿ. ಬಿಲ್ಲು ಮುರಿದದ್ದು, ಸೇತುವೆ ಕಟ್ಟಿದ್ದು, ರಾವಣನ ತಲೆ ಬಿದ್ದದ್ದು, ಯಾವುದೂ ಅವರಿಗೆ ಬೇಡವಾಯಿತು. ಇಡೀ ರಾಮಾಯಣದಲ್ಲಿ ಅತ್ಯಂತ ಖಾಸಗಿಯಾದ ಒಂದು ಮಧ್ಯಾಹ್ನವನ್ನು ತಂದು ತಮ್ಮ ಬಂಡೆಯ ಮೇಲೆ ಇಟ್ಟುಕೊಂಡರು. ಇದು ಸ್ಥಳಪುರಾಣಗಳ ಜಾಣತನ. ಮಹಾಕಾವ್ಯದ ದೊಡ್ಡ ಘಟನೆಗಳಿಗೆಲ್ಲ ಅಯೋಧ್ಯೆ, ಕಿಷ್ಕಿಂಧೆ, ಲಂಕೆ ಎಂದು ವಿಳಾಸ ಆಗಲೇ ಇದೆ. ಹದಿನಾಲ್ಕು ವರ್ಷದಲ್ಲಿ ಅಡುಗೆ, ಸ್ನಾನ, ನಿದ್ದೆ, ಬಾಯಾರಿಕೆ ಎಷ್ಟು ಸಲ ಬಂತೋ ಕವಿ ಹೇಳುವುದಿಲ್ಲ. ಕವಿ ಬಿಟ್ಟ ಜಾಗದಲ್ಲಿ ಊರು ತನ್ನ ಬೆಟ್ಟವನ್ನು ಸೇರಿಸುತ್ತದೆ.

ಮೇಲಿನ ಪಟ್ಟಾಭಿರಾಮನ ಮೂರ್ತಿಗೂ ಒಂದು ಬಂದ ಕಥೆಯಿದೆ. ಪಟ್ಟಾಭಿಷೇಕ ಮುಗಿಸಿಕೊಂಡು ಸುಗ್ರೀವ ಈ ಮೂರ್ತಿಯನ್ನು ಹೊತ್ತು ತನ್ನ ಊರಿಗೆ ಹೊರಟಿದ್ದನಂತೆ. ದಾರಿಯಲ್ಲಿ ಅಸುರನೊಬ್ಬ ಅಡ್ಡ ಬಂದ. ಮೂರ್ತಿಯನ್ನು ಕೆಳಗಿಟ್ಟು ಕಾದಾಡಿ ಗೆದ್ದು ಮತ್ತೆ ಎತ್ತಲು ಹೋದರೆ ಅದು ಮೇಲೇಳಲೇ ಇಲ್ಲ. ಕೆಳಗಿಟ್ಟ ಕಲ್ಲು ಏಳದ ಈ ಕಥೆ ನಿಮಗೆ ಹೊಸದಲ್ಲ. ಗೋಕರ್ಣದಲ್ಲಿ ರಾವಣ ಗಣಪತಿಯ ಕೈಗೆ ಆತ್ಮಲಿಂಗ ಕೊಟ್ಟು ಸಂಧ್ಯಾವಂದನೆಗೆ ಹೋದಾಗ ಆದದ್ದೂ ಇದೇ, ಶ್ರೀರಂಗದಲ್ಲಿ ವಿಭೀಷಣ ರಂಗವಿಮಾನವನ್ನು ಕಾವೇರಿಯ ದಡದಲ್ಲಿ ಇಳಿಸಿದಾಗ ಆದದ್ದೂ ಇದೇ. ಈ ಕಥೆಗಳಲ್ಲಿ ಹೊತ್ತವರು ಶೂರರು, ಎತ್ತಲಾಗದೆ ಸೋಲುತ್ತಾರೆ. ಎಲ್ಲಿ ನಿಲ್ಲಬೇಕು ಎಂಬುದನ್ನು ಹೊತ್ತವರು ತೀರ್ಮಾನಿಸುವುದಿಲ್ಲ. ನೆಲ ಹಿಡಿದುಕೊಳ್ಳುತ್ತದೆ.

ಮಳೂರು: ಮರಳೋ, ಮೊಳಕೆಯೋ

ಬೆಂಗಳೂರು–ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣ ದಾಟಿದರೆ ಕಣ್ವ ಹೊಳೆಯ ಬಳಿ ದೊಡ್ಡಮಳೂರು. ಅಪ್ರಮೇಯಸ್ವಾಮಿಯ ಗುಡಿ, ಅದೇ ಪ್ರಾಕಾರದಲ್ಲಿ ಅಂಬೆಗಾಲು ಕೃಷ್ಣ. ಅಪ್ರಮೇಯ ಎಂದರೆ ಅಳತೆಗೆ ಸಿಗದವನು. ವಿಷ್ಣುಸಹಸ್ರನಾಮದಲ್ಲಿ ಬರುವ ಹೆಸರು. ವನವಾಸದ ರಾಮ ಇವನನ್ನು ಪೂಜಿಸಿದ್ದರಿಂದ ರಾಮಾಪ್ರಮೇಯ ಎಂದಾಯಿತು, ಊರು ದಕ್ಷಿಣ ಅಯೋಧ್ಯೆಯಾಯಿತು ಎನ್ನುತ್ತಾರೆ. ಪಕ್ಕದ ಹೊಳೆಗೆ ಶಕುಂತಲೆಯನ್ನು ಸಾಕಿದ ಕಣ್ವರ ಹೆಸರು. ಕಾಳಿದಾಸ ಆ ಆಶ್ರಮವನ್ನು ಮಾಲಿನೀ ನದಿಯ ತೀರದಲ್ಲಿ ಇಟ್ಟಿದ್ದಾನೆ. ನಮ್ಮವರು ಋಷಿಯನ್ನೂ ಇಲ್ಲಿಗೆ ಕರೆದುಕೊಂಡಿದ್ದಾರೆ.

ಊರ ಹೆಸರಿಗೆ ಎರಡು ವಿವರಣೆಗಳಿವೆ. ಒಂದು, ಮಳಲು ಎಂದರೆ ಮರಳು, ಹೊಳೆಯ ಮರಳಿನ ಮೇಲಿನ ಊರು ಮಳಲೂರು, ಮಳೂರು. ಗುಡಿಗೆ ಅಡಿಪಾಯವೇ ಇಲ್ಲ, ಮರಳಿನ ಮೇಲೆ ನಿಂತಿದೆ ಎಂಬ ನಂಬಿಕೆ ಇದಕ್ಕೆ ಹೊಂದುತ್ತದೆ. ಇನ್ನೊಂದು ಸಾರಂಗಧರನ ಕಥೆ. ಮಲತಾಯಿ ಚಿತ್ರಾಂಗಿ ರಾಜಕುಮಾರ ಸಾರಂಗಧರನನ್ನು ಬಯಸುತ್ತಾಳೆ, ಅವನು ಒಪ್ಪುವುದಿಲ್ಲ, ಅವಳು ರಾಜನ ಬಳಿ ಸುಳ್ಳು ದೂರು ಹೇಳುತ್ತಾಳೆ. ರಾಜ ವಿಚಾರಿಸದೆ ಮಗನ ಕೈಕಾಲು ಕಡಿಸಿ ಬಿಸಾಡಿಸುತ್ತಾನೆ. ಅಪ್ರಮೇಯನ ದಯೆಯಿಂದ ಆ ಕೈಕಾಲು ಇಲ್ಲಿ ಮತ್ತೆ ಮೊಳೆತವು. ಮೊಳೆತ ಊರೇ ಮಳೂರು.

ಭಾಷೆ ಬಲ್ಲವರು ಮರಳಿನ ಕಡೆ ವಾಲುತ್ತಾರೆ. ಆದರೆ ಮೊಳೆತೂರು ಎಂಬ ಕಥೆ ಎಲ್ಲಿಂದ ಬಂತು ಎಂದು ಹುಡುಕಿದರೆ ಇತಿಹಾಸದ ದಾರಿಯೊಂದು ತೆರೆಯುತ್ತದೆ. ತಮಿಳಿನಲ್ಲಿ ಮುಳೈ ಎಂದರೆ ಮೊಳಕೆ, ಕನ್ನಡದಲ್ಲಿ ಮೊಳೆ. ಎರಡು ಭಾಷೆಯ ಕಿವಿಗೂ ಹೊಂದುವ ಹೆಸರು. 1004ರ ಹೊತ್ತಿಗೆ ಚೋಳರು ತಲಕಾಡನ್ನು ಗೆದ್ದು ಗಂಗರ ಆಳ್ವಿಕೆ ಮುಗಿಸಿದರು. 1117ರ ಸುಮಾರಿಗೆ ವಿಷ್ಣುವರ್ಧನ ಅದನ್ನು ಮರಳಿ ಪಡೆಯುವವರೆಗೆ ಈ ಸೀಮೆ ಚೋಳರದು. ಚನ್ನಪಟ್ಟಣ ತಾಲ್ಲೂಕಿನ ಕಲ್ಲುಗಳಲ್ಲಿ ತಮಿಳು ಶಾಸನಗಳು ಕಾಣುವುದು ಅದಕ್ಕೇ. ಇನ್ನು ಸಾರಂಗಧರನ ಕಥೆಯನ್ನು ತೆಲುಗರು ಅವರ ರಾಜಮಹೇಂದ್ರಿಯ ರಾಜರಾಜನರೇಂದ್ರನ ಅರಮನೆಯದೆಂದು ಹೇಳುತ್ತಾರೆ. ಆ ಊರಿನಲ್ಲಿ ಸಾರಂಗಧರನ ಹೆಸರಿನ ಮೆಟ್ಟೆಯೇ ಇದೆ. ಆ ರಾಜನ ತಾಯಿ ಚೋಳರ ಮನೆಯ ಮಗಳು. ಅಂದರೆ ಸಾರಂಗಧರನೂ ನೆಂಟಸ್ತಿಕೆ, ವ್ಯಾಪಾರ, ಆಡಳಿತಗಳ ದಾರಿ ಹಿಡಿದು ಬಂದು ಕಣ್ವದ ದಡದಲ್ಲಿ ಬಿದ್ದವನು. ಅವನನ್ನು ಎತ್ತಿಕೊಂಡವರು ಮಳೂರಿನವರು.

ಇದೇ ಗುಡಿಯ ಅಂಬೆಗಾಲು ಕೃಷ್ಣ ಪುಟ್ಟ ಮೂರ್ತಿ. ಕೈಯಲ್ಲಿ ಬೆಣ್ಣೆ, ಮುಖವನ್ನು ಕೊಂಚ ಎತ್ತಿದ ಮಗು. ವ್ಯಾಸರಾಯರ ಪ್ರತಿಷ್ಠೆ ಎನ್ನುತ್ತಾರೆ. ಅವರ ಗುರು ಬ್ರಹ್ಮಣ್ಯತೀರ್ಥರ ಬೃಂದಾವನ ಇದೇ ತಾಲ್ಲೂಕಿನ ಅಬ್ಬೂರಿನಲ್ಲಿದೆ. ಪುರಂದರದಾಸರ ‘ಜಗದೋದ್ಧಾರನ’ ಕೀರ್ತನೆ ಈ ಕೃಷ್ಣನನ್ನು ಕಂಡೇ ಹುಟ್ಟಿತು ಎಂಬ ನಂಬಿಕೆ ಗಟ್ಟಿಯಾಗಿದೆ. ಮಕ್ಕಳಿಲ್ಲದವರು ಬಂದು ಬೆಣ್ಣೆ ನೈವೇದ್ಯ ಮಾಡಿಸುತ್ತಾರೆ, ಮಗುವಾದ ಮೇಲೆ ತೊಟ್ಟಿಲು ತಂದು ಒಪ್ಪಿಸುತ್ತಾರೆ. ಗುಡಿಯಲ್ಲಿ ತೂಗುಬಿದ್ದ ಆ ಪುಟ್ಟ ತೊಟ್ಟಿಲುಗಳನ್ನು ನೋಡುತ್ತ ನನಗೆ ಸಾರಂಗಧರ ನೆನಪಾದ. ಕಡಿದದ್ದು ಮೊಳೆಯುವ ಊರಿನಲ್ಲಿ ಬಂಜೆ ಎನಿಸಿಕೊಂಡವಳು ಬಂದು ಕೈ ಮುಗಿಯುತ್ತಾಳೆ. ಒಂದು ಚೋಳರ ಕಾಲದ ನೆನಪು, ಇನ್ನೊಂದು ದಾಸರ ಕಾಲದ್ದು. ಎರಡು ಕಥೆಗಳೂ ಒಂದೇ ಪ್ರಾಕಾರದಲ್ಲಿ ಒಂದೇ ಮಾತು ಹೇಳುತ್ತಿವೆ.

ಚನ್ನಪಟ್ಟಣದಿಂದ ಹಿಂದಕ್ಕೆ ರಾಮನಗರದ ಕಡೆಗೆ ಬಂದರೆ ಹೆದ್ದಾರಿಯ ಬದಿಗೇ ಕೆಂಗಲ್ ಹನುಮಂತರಾಯ. ಕೆಂಪು ಕಲ್ಲು, ಕೆಂಗಲ್ಲು. ಇಲ್ಲಿ ಹೆಸರಿಗೆ ಪುರಾಣ ಬೇಕಿಲ್ಲ, ಕಲ್ಲೇ ಹೇಳುತ್ತದೆ. ಸಂಕ್ರಾಂತಿಯ ಆಸುಪಾಸಿನಲ್ಲಿ ನಡೆಯುವ ಅಯ್ಯನಗುಡಿಯ ದನಗಳ ಜಾತ್ರೆಗೆ ಸುತ್ತಲಿನ ರೈತರೆಲ್ಲ ಬರುತ್ತಾರೆ. ಹತ್ತಿರದ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಹುಟ್ಟಿದ ಹುಡುಗನೊಬ್ಬ ಈ ದೇವರ ಹೆಸರು ಹೊತ್ತು ಮುಖ್ಯಮಂತ್ರಿಯಾದ, ವಿಧಾನಸೌಧ ಕಟ್ಟಿಸಿದ, ಅದರ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಕೆತ್ತಿಸಿದ. ಹನುಮಂತಯ್ಯನವರ ಹೆಸರಿನ ಮುಂದೆ ಕೆಂಗಲ್ ಇರುವಷ್ಟು ದಿನ ಆ ಕೆಂಪು ಕಲ್ಲು ನೆನಪಿನಲ್ಲಿರುತ್ತದೆ.

ಮಾಗಡಿ: ನಿಂತ ರಂಗ, ಬೆಳೆಯುವ ರಂಗ

ರಂಗನಾಥ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಶೇಷನ ಮೇಲೆ ಮಲಗಿದ ರೂಪ. ಮಾಗಡಿಯ ತಿರುಮಲೆಯಲ್ಲಿ ಮೂಲ ದೇವರು ನಿಂತಿದ್ದಾನೆ, ಪಶ್ಚಿಮಕ್ಕೆ ಮುಖ ಮಾಡಿದ್ದಾನೆ, ರೂಪ ಶ್ರೀನಿವಾಸನದು, ಹೆಸರು ಮಾತ್ರ ರಂಗನಾಥ. ಊರಿಗೆ ತಿರುಪತಿಯ ಹೆಸರು, ದೇವರಿಗೆ ಶ್ರೀರಂಗದ ಹೆಸರು. ಎರಡು ಯಾತ್ರೆಗಳ ಪುಣ್ಯವನ್ನು ಒಂದೇ ಗುಡ್ಡದಲ್ಲಿ ಕಟ್ಟಿಕೊಂಡಿದ್ದಾರೆ. ಹಿಂದಿನ ಕಾಲದಲ್ಲಿ ತಿರುಪತಿಗೆ ನಡೆದು ಹೋಗಿ ಬರುವುದೆಂದರೆ ಒಕ್ಕಲುತನ ಬಿಟ್ಟು ತಿಂಗಳುಗಟ್ಟಲೆ ದಾರಿಯಲ್ಲಿರುವುದು. ಅಲ್ಲಿಗೆ ಹೋಗಲಾರದವನ ಹತ್ತಿರಕ್ಕೆ ದೇವರೇ ಬಂದ.

ಸ್ಥಳಪುರಾಣ ಹೇಳುವಂತೆ ಇಲ್ಲಿ ತಪಸ್ಸು ಮಾಡಿ ದೇವರನ್ನು ಒಲಿಸಿಕೊಂಡವರು ಮಾಂಡವ್ಯ ಋಷಿಗಳು, ಹಾಗಾಗಿ ಇದು ಮಾಂಡವ್ಯ ಕ್ಷೇತ್ರ. ಪಕ್ಕದ ಮಂಡ್ಯದವರೂ ತಮ್ಮ ಊರ ಹೆಸರು ಮಾಂಡವ್ಯರಿಂದಲೇ ಬಂತು ಎನ್ನುತ್ತಾರೆ. ಋಷಿ ಒಬ್ಬರೇ, ಹಕ್ಕುದಾರರು ಇಬ್ಬರು.

ಮಹಾಭಾರತದ ಆದಿಪರ್ವದಲ್ಲಿ ಬರುವ ಮಾಂಡವ್ಯರ ಕಥೆ ಬೇರೆಯದು, ತುಂಬ ಕಟುವಾದದ್ದು. ಮೌನವ್ರತದಲ್ಲಿದ್ದ ಮುನಿಯ ಆಶ್ರಮದಲ್ಲಿ ಕಳ್ಳರು ಅಡಗಿಕೊಂಡರು. ರಾಜಭಟರು ಕೇಳಿದರೆ ಮುನಿ ಮಾತಾಡಲಿಲ್ಲ. ಕಳ್ಳರ ಜೊತೆ ಅವರನ್ನೂ ಶೂಲಕ್ಕೇರಿಸಿದರು. ಶೂಲದ ತುದಿ ಮೈಯಲ್ಲೇ ಉಳಿದು ಅಣಿಮಾಂಡವ್ಯ ಎಂಬ ಹೆಸರು ಬಂತು. ನಾನು ಮಾಡಿದ ತಪ್ಪೇನು ಎಂದು ಯಮಧರ್ಮರಾಯನನ್ನೇ ಕೇಳಿದರೆ, ನೀನು ಚಿಕ್ಕಂದಿನಲ್ಲಿ ಹುಳುಗಳಿಗೆ ಕಡ್ಡಿ ಚುಚ್ಚಿದ್ದೆ ಎಂದನಂತೆ. ಮಗುವಿನ ತಪ್ಪಿಗೆ ಇಂಥ ಶಿಕ್ಷೆಯೇ ಎಂದು ಮುನಿ ಧರ್ಮನಿಗೇ ಶಾಪ ಕೊಟ್ಟರು, ಅವನು ವಿದುರನಾಗಿ ಹುಟ್ಟಿದ. ಹದಿನಾಲ್ಕು ವರ್ಷದೊಳಗಿನ ಮಕ್ಕಳು ಮಾಡಿದ್ದು ಪಾಪವಲ್ಲ ಎಂದು ಕಟ್ಟಳೆ ಮಾಡಿದವರು ಇವರೇ.

ದೇವರ ನ್ಯಾಯವನ್ನೇ ಪ್ರಶ್ನಿಸಿ ಗೆದ್ದ ಆ ಮುನಿ ಮಾಗಡಿಗೆ ಬಂದು ಭಕ್ತನಾಗಿ ಕೂತಿದ್ದಾನೆ. ಅದೇ ಗುಡಿಯಲ್ಲಿ, ಮೂಲ ದೇವರ ಹಿಂದೆ, ಮಲಗಿದ ಪುಟ್ಟ ರಂಗನಾಥನೊಬ್ಬನಿದ್ದಾನೆ. ಅವನು ಬೆಳೆಯುವ ರಂಗ, ವರ್ಷ ವರ್ಷಕ್ಕೆ ತುಸು ದೊಡ್ಡದಾಗುತ್ತಾನೆ ಎಂಬ ನಂಬಿಕೆ. ಬೆಂಗಳೂರಿನ ಬಸವನಗುಡಿಯ ಬಸವನೂ ಬೆಳೆಯುತ್ತಿದ್ದನಂತೆ, ತಲೆಗೆ ಮೊಳೆ ಹೊಡೆದು ನಿಲ್ಲಿಸಿದರಂತೆ. ಆ ಬಸವನ ಗುಡಿಯನ್ನು ಕಟ್ಟಿಸಿದ ಕೆಂಪೇಗೌಡರ ವಂಶವೇ ಆಮೇಲೆ ಮಾಗಡಿಯಲ್ಲಿ ಆಳಿದ್ದು ಎಂಬುದನ್ನು ನೆನೆದಾಗ ಈ ಎರಡು ಕಥೆಗಳು ಅಣ್ಣತಮ್ಮಂದಿರಂತೆ ಕಾಣುತ್ತವೆ. ಬೆಟ್ಟ ಎಂದರೆ ಬೆಳೆದ ಬಂಡೆ ಎಂದು ನಂಬಿದ ಜನಕ್ಕೆ ಮೂರ್ತಿಯೂ ಬೆಳೆಯುವುದು ಸಹಜವೇ.

ಮಾಗಡಿಯನ್ನು ದಾಟುವ ಮೊದಲು ಸಾವನದುರ್ಗದ ಬಗ್ಗೆ ಒಂದು ಮಾತು. 1226 ಮೀಟರ್ ಎತ್ತರದ ಆ ಬಂಡೆಯ ಬುಡದಲ್ಲಿ ವೀರಭದ್ರನೂ ನರಸಿಂಹನೂ ಇದ್ದಾರೆ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಈ ಕೋಟೆಯನ್ನು ಹಿಡಿಯಿತು. ಸಾವಿನ ದುರ್ಗವಾದ್ದರಿಂದ ಸಾವನದುರ್ಗ ಎಂದು ಹೇಳುವವರುಂಟು. ಆದರೆ 1340ರ ಮೂರನೆಯ ಬಲ್ಲಾಳನ ಕಾಲದ ಶಾಸನದಲ್ಲಿಯೇ ಸಾವಂದಿ ಎಂಬ ಹೆಸರಿದೆ. ಸಾವಿನ ಅರ್ಥ ಆಮೇಲೆ ಅಂಟಿಕೊಂಡದ್ದು. ಹೆಸರು ಮೊದಲು, ಕಥೆ ನಂತರ, ಇದು ಬಹುತೇಕ ಸ್ಥಳಪುರಾಣಗಳ ಕ್ರಮ.

ಕನಕಪುರ: ಬಾರದೆ ಇದ್ದವಳು

ಕನಕಪುರದ ಕಡೆ ತಿರುಗಿದರೆ ನನ್ನ ವಾದಕ್ಕೆ ಅಡ್ಡಲಾಗಿ ಒಬ್ಬಳು ಕೂತಿದ್ದಾಳೆ. ಅವಳು ಕಬ್ಬಾಳಮ್ಮ. ಸಾತನೂರಿನ ಬಳಿ ಕಬ್ಬಾಳುದುರ್ಗ. ಹೈದರ್, ಟಿಪ್ಪು ಕಾಲದಲ್ಲಿ ಕೈದಿಗಳನ್ನು ಇಡುತ್ತಿದ್ದ, ಹತ್ತಲು ಕಷ್ಟವಾದ, ಹತ್ತಿದವರು ಇಳಿಯುವುದು ಇನ್ನೂ ಕಷ್ಟವಾದ ಬಂಡೆ. ಅದರ ಬುಡದಲ್ಲಿ ಅಮ್ಮ. ರಾಮಾಯಣ, ಭಾರತ ಯಾವುದರ ಯಾವ ಪುಟವೂ ಅವಳ ಹಿಂದೆ ಬೇಕಿಲ್ಲ. ಬೆಟ್ಟಕ್ಕೂ ಅವಳಿಗೂ ಒಂದೇ ಹೆಸರು. ಅವಳ ಮುಂದೆ ನಿಂತವರು ಎಲ್ಲಿಂದ ಬಂದೆ ತಾಯಿ ಎಂದು ಕೇಳುವುದಿಲ್ಲ. ಮಗಳ ಮದುವೆ ಆಗುತ್ತದೋ, ಬೋರು ನೀರು ಕೊಡುತ್ತದೋ ಎಂದು ಕೇಳುತ್ತಾರೆ.

ಹಾಗಾದರೆ ಇಲ್ಲಿ ಎರಡು ಬಗೆಯ ದೇವರಿದ್ದಾರೆ. ಬಂದು ನಿಂತವರು ರಾಮ, ರಂಗ, ಅಪ್ರಮೇಯ. ಮೊದಲಿಂದ ಇದ್ದವರು ಅಮ್ಮಂದಿರು. ಬಂದವರಿಗೆ ಕಥೆ ಬೇಕು, ಯಾಕೆಂದರೆ ಬಂದವರು ತಾವು ಯಾರೆಂದು ಹೇಳಿಕೊಳ್ಳಬೇಕು. ಮೊದಲಿಂದ ಇರುವವಳು ಯಾರಿಗೂ ಗುರುತು ತೋರಿಸಬೇಕಿಲ್ಲ.

ಇನ್ನೂ ದಕ್ಷಿಣಕ್ಕೆ, ನಂದಿಬೆಟ್ಟದಲ್ಲಿ ಹುಟ್ಟಿ ರಾಮನಗರವನ್ನು ಹಾದು ಬಂದ ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿ ಸಂಗಮೇಶ್ವರ. ಮುಂದೆ ಕಾವೇರಿ ಕಿರಿದಾದ ಕಲ್ಲುಸಂದಿಗೆ ನುಗ್ಗುವಲ್ಲಿ ಮೇಕೆದಾಟು. ಹುಲಿ ಅಟ್ಟಿಸಿಕೊಂಡು ಬಂದಾಗ ಮೇಕೆಯೊಂದು ಹಾರಿ ಪಾರಾಯಿತು, ಅದು ಮೇಕೆಯಲ್ಲ ಶಿವನೇ ಎಂದು ಕಥೆ. ಸಾತನೂರಿನ ದಾರಿಯಲ್ಲೇ ಹೋಗಿ ಮುಟ್ಟುವ, ಆದರೆ ಮಂಡ್ಯ ಜಿಲ್ಲೆಗೆ ಸೇರಿದ ಮುತ್ತತ್ತಿಯಲ್ಲಿ ಸೀತೆ ಸ್ನಾನ ಮಾಡುವಾಗ ಮೂಗುತಿಯ ಮುತ್ತು ಕಾವೇರಿಗೆ ಬಿತ್ತು. ಆಂಜನೇಯ ಬಾಲದಿಂದ ಹೊಳೆಯನ್ನು ಕಲಕಿ ಅದನ್ನು ಎತ್ತಿಕೊಟ್ಟ, ಮುತ್ತೆತ್ತಿರಾಯನಾದ. ನಮ್ಮ ರಾಜ್‌ಕುಮಾರ್ ಅವರಿಗೆ ತಂದೆತಾಯಿ ಇಟ್ಟ ಮುತ್ತುರಾಜ ಎಂಬ ಹೆಸರು ಈ ದೇವರದೇ. ಲಂಕೆಯನ್ನು ಸುಟ್ಟ ಬಾಲ ಇಲ್ಲಿ ಮನೆಯ ಹೆಣ್ಣುಮಗಳ ಕಳೆದ ಒಡವೆ ಹುಡುಕುತ್ತದೆ. ಹೊಳೆದಂಡೆಯಲ್ಲಿ ಬಟ್ಟೆ ಒಗೆಯುವಾಗ ಓಲೆಯನ್ನೋ ಉಂಗುರವನ್ನೋ ಕಳೆದುಕೊಂಡು ಅತ್ತವರಿಗೆ ಈ ಕಥೆಯ ಬೆಲೆ ಗೊತ್ತು.

ಬಂದವರು ಹೇಳಿಕೊಂಡ ಕಥೆ

ಈಗ ಮೊದಲ ಪ್ರಶ್ನೆಗೆ ಬರೋಣ. ಜನ ಹೀಗೆ ಯಾಕೆ ಹೇಳಿಕೊಂಡರು? ನನ್ನ ಉತ್ತರ ಸರಳ: ಹೇಳಿದವರೂ ಬಂದು ನಿಂತವರೇ.

ಕೆಂಪೇಗೌಡರ ಮನೆತನದ ಐತಿಹ್ಯ ಕೇಳಿ. ಅವರ ಹಿರಿಯರು ಕಂಚಿಯ ಸೀಮೆಯವರು. ಮನೆಯ ಮಗಳನ್ನು ಬಲವಂತದಿಂದ ಕೇಳಿದ ಪ್ರಭುವಿಗೆ ಹೆದರಿ ಬಂಡಿ ಕಟ್ಟಿಕೊಂಡು ರಾತ್ರೋರಾತ್ರಿ ಹೊರಟರು. ಪಾಲಾರ್ ಹೊಳೆ ತುಂಬಿ ಹರಿಯುತ್ತಿತ್ತು. ಆ ಮಗಳು ತನ್ನ ಓಲೆಯನ್ನು ಗಂಗೆಗೆ ಅರ್ಪಿಸಿದಳು, ನೀರು ದಾರಿ ಬಿಟ್ಟಿತು. ನಂದಿಯ ಸೀಮೆಗೆ ಬಂದು ಆವತಿಯಲ್ಲಿ ನೆಲೆಸಿದರು. ಅಲ್ಲಿಂದ ಯಲಹಂಕ, ಬೆಂಗಳೂರು. 1638ರಲ್ಲಿ ವಿಜಾಪುರದ ಸೇನೆಗೆ ಬೆಂಗಳೂರು ಹೋದ ಮೇಲೆ ಮಾಗಡಿ. 1728ರಲ್ಲಿ ಮೈಸೂರಿನವರು ಮಾಗಡಿಯನ್ನು ಗೆಲ್ಲುವವರೆಗೂ ಅವರ ನೆಲೆ ಅದೇ. ಈ ಕಥೆಯನ್ನು ಮುತ್ತತ್ತಿಯ ಕಥೆಯ ಪಕ್ಕ ಇಟ್ಟು ನೋಡಿ. ಒಂದರಲ್ಲಿ ಹೊಳೆ ಒಡವೆ ತೆಗೆದುಕೊಂಡು ದಾರಿ ಕೊಡುತ್ತದೆ, ಇನ್ನೊಂದರಲ್ಲಿ ತೆಗೆದುಕೊಂಡ ಒಡವೆಯನ್ನು ಹಿಂದಿರುಗಿಸುತ್ತದೆ. ಪಾಳೆಯಗಾರನ ಮನೆತನದ ಕಥೆಯೂ ದೇವರ ಕಥೆಯೂ ಒಂದೇ ಮಗ್ಗದಲ್ಲಿ ನೇಯ್ದದ್ದು.

ಶೈವರ ಕಡೆಯೂ ಹೀಗೆಯೇ. ರಾಮನಗರದ ಬಳಿಯ ಅವ್ವೇರಹಳ್ಳಿಯ ರೇವಣಸಿದ್ಧೇಶ್ವರ ಬೆಟ್ಟದಲ್ಲಿ ತಪಸ್ಸು ಮಾಡಿದರೆಂದು ಹೇಳುವ ರೇವಣಸಿದ್ಧರು ತೆಲುಗು ನಾಡಿನ ಕೊಲ್ಲಿಪಾಕಿಯವರು. ಅದೇ ಬೆಟ್ಟದಲ್ಲಿ ಭೀಮ ಸ್ಥಾಪಿಸಿದನೆನ್ನುವ ಭೀಮೇಶ್ವರ ಲಿಂಗವಿದೆ. ಸಿದ್ಧರಿಗಿಂತ ಮುಂಚೆ ಪಾಂಡವರು ಬಂದು ಹೋದರು ಎಂದಾಯಿತು. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಪಾಲ್ಕುರಿಕೆ ಸೋಮನಾಥರು ಐಕ್ಯರಾದರೆಂದು ನಂಬಿಕೆ, ಅವರೂ ತೆಲುಗು ನಾಡಿನ ಕಡೆಯವರೇ.

ಬಂದವರೆಲ್ಲ ಜಗಳವಿಲ್ಲದೆ ನೆಲೆಸಿದರು ಎಂದು ನಾನು ಹೇಳಲಾರೆ. ಅದೇ ಕಲ್ಯದಲ್ಲಿ 1368ರ ಬುಕ್ಕರಾಯನ ಶಾಸನವಿದೆ, ಅದರ ಇನ್ನೊಂದು ಪ್ರತಿ ಶ್ರವಣಬೆಳಗೊಳದಲ್ಲಿ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ಅರಸ ಇಬ್ಬರನ್ನೂ ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇಟ್ಟು, ಇವರ ದರ್ಶನಕ್ಕೂ ನಿಮ್ಮ ದರ್ಶನಕ್ಕೂ ಭೇದವಿಲ್ಲ ಎಂದು ಒಪ್ಪಿಸಿದ. ನೆಲೆಸುವುದು ಪುರಾಣದಲ್ಲಿ ಒಂದು ಗಳಿಗೆಯ ಕೆಲಸ. ಕಲ್ಯದ ಕಲ್ಲು ಹೇಳುವುದು ಅದಕ್ಕೆ ಪಂಚಾಯಿತಿಯೂ ಬೇಕಾಯಿತು, ಶಾಸನವೂ ಬೇಕಾಯಿತು ಎಂದು.

ಇಷ್ಟೆಲ್ಲ ಬಂದು ನಿಂತವರನ್ನು ಹೊತ್ತ ಈ ಬಂಡೆಗಳಾದರೂ ಮೊದಲಿಂದ ಇದ್ದವೇ? ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ಸರ್ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ರಾಮನಗರ ಕ್ಲೋಸ್‌ಪೇಟೆಯಾಗಿದ್ದ ಕಾಲದ ನೆನಪು. ಉತ್ತರಕ್ಕೂ ದಕ್ಷಿಣಕ್ಕೂ ಸುಮಾರು 400 ಕಿಲೋಮೀಟರ್ ಚಾಚಿದ ಈ ಕಲ್ಲು, ಸುಮಾರು 250 ಕೋಟಿ ವರ್ಷಗಳ ಹಿಂದೆ ಕರಗಿದ ಶಿಲಾರಸವಾಗಿ ಕೆಳಗಿನಿಂದ ಮೇಲೆ ಬಂದು, ತನಗಿಂತ ಹಳೆಯ ಕಲ್ಲಿನ ನಡುವೆ ಗಟ್ಟಿಯಾಗಿ ನಿಂತದ್ದು. ಅಮ್ಮಂದಿರು ಮೊದಲಿಂದ ಇದ್ದರು ಎಂದೆ. ಅವರು ಕೂತ ಕಲ್ಲಿನ ಮಟ್ಟಿಗೆ ಆ ಮಾತನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಯಿತು.

ಇವತ್ತಿನ ಪುರಾಣ

ಕಥೆ ಕಟ್ಟುವ ಕೆಲಸ ನಿಂತಿಲ್ಲ. 1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ ಚಿತ್ರದ ಹಳ್ಳಿಯನ್ನು ಈ ಬೆಟ್ಟಗಳ ನಡುವೆ ಕಟ್ಟಿದ್ದರು. ಅದರ ಹೆಸರೂ ರಾಮಗಢ. ಗಬ್ಬರ್ ಕೂತದ್ದು ಇಲ್ಲೇ ಎಂದು ಬಂಡೆ ತೋರಿಸುವವರು ಇವತ್ತಿಗೂ ಸಿಗುತ್ತಾರೆ. ಅದು ಕೂಡ ಸ್ಥಳಪುರಾಣವೇ. ಎಲ್ಲಿಂದಲೋ ಬಂದವರು ಕೆಲ ಕಾಲ ಇದ್ದು ಹೋದರು, ಬಂಡೆಯಲ್ಲಿ ಹೆಸರು ಬಿಟ್ಟರು. 2012ರಲ್ಲಿ ರಾಮದೇವರ ಬೆಟ್ಟ ರಣಹದ್ದುಗಳ ಅಭಯಾರಣ್ಯವಾಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ ಸತ್ತ ದನವನ್ನು ತಿಂದ ಹದ್ದುಗಳ ಮೂತ್ರಪಿಂಡ ಕೆಡಿಸಿ ದೇಶದ ತುಂಬ ಅವುಗಳನ್ನು ಕೊಂದಿತ್ತು. ಅಳಿದುಳಿದವುಗಳಲ್ಲಿ ಕೆಲವು, ಉದ್ದ ಕೊಕ್ಕಿನವು, ಈ ಕಡಿದಾದ ಬಂಡೆಗಳಲ್ಲಿ ಗೂಡು ಕಟ್ಟಿಕೊಂಡಿದ್ದವು. ಈಗ ಬೆಟ್ಟ ಹತ್ತುವವರು ಜಟಾಯುವಿನ ವಂಶ ಎನ್ನುತ್ತಾರೆ. ಕಾಗೆಯನ್ನು ಓಡಿಸಿದ ರಾಮ ಹದ್ದನ್ನು ಕಾಯುತ್ತಾನೆ ಎಂಬ ಕಥೆ ನಮ್ಮ ಕಣ್ಣೆದುರಿಗೇ ಕೂಡಿಕೊಳ್ಳುತ್ತಿದೆ. ಹದ್ದು ಉಳಿಯುವುದಾದರೆ ಉಳಿಯಲಿ ಬಿಡಿ, ಈ ಕಥೆಯಿಂದ ನಷ್ಟವೇನಿಲ್ಲ.

ನನಗೆ ಕಳವಳ ಇರುವುದು ಎರಡು ವಿಷಯದಲ್ಲಿ. ಒಂದು, ಜೀರ್ಣೋದ್ಧಾರವಾದ ಗುಡಿಗಳಲ್ಲಿ ನಯ ಮಾಡಿದ ಕಲ್ಲಿನ ಮೇಲೆ ಸ್ಥಳಪುರಾಣವನ್ನು ಕೆತ್ತಿ ನಿಲ್ಲಿಸುತ್ತಿದ್ದಾರೆ. ಕೆತ್ತಿದ್ದು ಒಂದೇ ಪಾಠ. ಬಾಯಲ್ಲಿದ್ದ ಉಳಿದ ಪಾಠಗಳು ಆ ಕಲ್ಲನ್ನು ನೋಡಿ ನಾಚಿ ಸುಮ್ಮನಾಗುತ್ತವೆ. ಮಳಲೂರು ಎಂದು ಕೆತ್ತಿದರೆ ಮೊಳೆತೂರು ಹೋಯಿತು. ಎರಡು, ಆ ಕಲ್ಲು ಬರುವುದು ಇಂಥದೇ ಬೆಟ್ಟಗಳನ್ನು ಒಡೆದು. ಒಂದು ಕ್ವಾರಿಯಲ್ಲಿ ಬೆಟ್ಟ ಕರಗುವುದಕ್ಕೆ ಹತ್ತು ಹದಿನೈದು ವರ್ಷ ಸಾಕು. ಅಪ್ರಮೇಯನ ಸೀಮೆಯಲ್ಲಿ ಬೆಟ್ಟಗಳನ್ನು ಘನ ಮೀಟರಿನಲ್ಲಿ ಅಳೆಯುತ್ತಿದ್ದಾರೆ.

ಅಜ್ಜಿಯ ಪ್ರಶ್ನೆ

ಬೆಟ್ಟದ ಮೆಟ್ಟಿಲ ಮೇಲಿನ ಅಜ್ಜಿ ಕೇಳಿದ್ದು: ನಿಮ್ಮ ಮನೆದೇವರು ಯಾವುದು? ನಮ್ಮ ಕಡೆ ಹೆಣ್ಣು ನೋಡಲು ಹೋದರೂ ಕೇಳುವ ಮೊದಲ ಪ್ರಶ್ನೆ ಇದು. ಉತ್ತರವನ್ನು ಗಮನಿಸಿದ್ದೀರಾ? ಮನೆದೇವರು ಸಾಮಾನ್ಯವಾಗಿ ವಾಸದ ಊರಿನದಾಗಿರುವುದಿಲ್ಲ. ಎರಡು ಬಸ್ಸು ಬದಲಿಸಿ, ವರ್ಷಕ್ಕೊಮ್ಮೆ ಹರಕೆ ಒಪ್ಪಿಸಲು ಹೋಗಿ ಬರುವಷ್ಟು ದೂರದಲ್ಲಿರುತ್ತದೆ. ಒಂದು ಕಾಲದಲ್ಲಿ ನಮ್ಮ ಹಿರಿಯರು ಆ ಊರಿನಲ್ಲಿದ್ದರು. ಬರವೋ, ದಾಯಾದಿ ಜಗಳವೋ, ದಂಡಿನ ಕಾಟವೋ ಎಬ್ಬಿಸಿತು. ಅವರು ಹೊರಟರು, ದೇವರು ಅಲ್ಲೇ ಉಳಿಯಿತು. ಸ್ಥಳಪುರಾಣದಲ್ಲಿ ದೇವರು ನಡೆದು ಬಂದು ನಮ್ಮ ಬಳಿ ನಿಲ್ಲುತ್ತದೆ. ಮನೆದೇವರ ವಿಷಯದಲ್ಲಿ ದೇವರು ನಿಂತಿದೆ, ನಡೆದು ಬಂದವರು ನಾವು. ಎರಡನ್ನೂ ಕಟ್ಟಿರುವ ಮಾತು ಒಕ್ಕಲು. ಹೊಲಕ್ಕೂ ಒಕ್ಕಲು, ದೇವರಿಗೂ ಒಕ್ಕಲು, ಬಾಡಿಗೆ ಮನೆಗೆ ಹೋದರೂ ಒಕ್ಕಲು.

2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಶಂಶೇರಾಬಾದ್, ಕ್ಲೋಸ್‌ಪೇಟೆ, ರಾಮನಗರ ಎಂದು ಊರು ಹೆಸರು ಬದಲಿಸಿಕೊಂಡೇ ಬಂದಿದೆ. ಮುಂದೆ ಇಲ್ಲಿಗೆ ಇನ್ನೂ ಹೆಚ್ಚು ಜನ ಬರುತ್ತಾರೆ, ಬಡಾವಣೆಗಳು ಏಳುತ್ತವೆ, ಹೊಸ ಗುಡಿಗಳೂ ಏಳುತ್ತವೆ. ಬಂದವರು ತಮ್ಮ ಮನೆದೇವರ ಕಥೆಯನ್ನು ತರುತ್ತಾರೆ, ನಾವು ನಮ್ಮದನ್ನು ಅವರಿಗೆ ಹೇಳಬೇಕು. ಅದಕ್ಕೆ ಮೊದಲು ನಮಗೆ ಅದು ಗೊತ್ತಿರಬೇಕು.

ಹಾಗಾಗಿ ಇವತ್ತು ಮನೆಗೆ ಹೋದ ಮೇಲೆ ಹಿರಿಯರ ಮುಂದೆ ಕೂತು ಒಂದೇ ಪ್ರಶ್ನೆ ಕೇಳಿ: ನಮ್ಮೂರ ದೇವರು ಎಲ್ಲಿಗೆ ಹೊರಟಿತ್ತು, ಇಲ್ಲಿ ಯಾಕೆ ನಿಂತಿತು? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ಪಕ್ಕದ ಮನೆಯವರು ಬೇರೆ ಥರ ಹೇಳಿದರೆ ಅದನ್ನೂ ಬರೆಯಿರಿ, ತಿದ್ದಬೇಡಿ. ಅಜ್ಜಿಗೆ ನಾನು ನಮ್ಮ ಮನೆದೇವರ ಹೆಸರು ಹೇಳಿದಾಗ ಅವರು ಸ್ವಲ್ಪ ಯೋಚಿಸಿ, ‘ಓಹೋ, ಆ ಕಡೆಯಿಂದ ಬಂದೋರು’ ಎಂದರು. ಪಕ್ಕಕ್ಕೆ ಸರಿದು ಮೆಟ್ಟಿಲ ಮೇಲೆ ನನಗೂ ಕೂರಲು ಜಾಗ ಮಾಡಿಕೊಟ್ಟರು.